ಹೆಂಡತಿಯ ಠೇವಣಿಯಲ್ಲಿ ಕಡಿತವಾದ ತೆರಿಗೆಯನ್ನು ಗಂಡ ಮರಳಿ ಪಡೆಯಬಹುದೇ?

ನೀವು ಕಾರವಾರದಲ್ಲಿ ನೌಕರಿಯಲ್ಲಿದ್ದೀರಿ. ಶಿರಸಿಯ ಬ್ಯಾಂಕಿನಲ್ಲಿ ಹೆಂಡತಿಯ ಹೆಸರಿನಲ್ಲಿರುವ ಠೇವಣಿಯ ಬಡ್ಡಿಗೆ ಟಿಡಿಎಸ್ ಕಡಿತವಾಗಿದೆ. ಅದನ್ನು ನಿಮ್ಮ ರಿಟರ್ನ್‌ನಲ್ಲಿ ತೋರಿಸಿ ವಾಪಸ್ ಪಡೆಯಬಹುದೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಆಗುವುದಿಲ್ಲ. ಅವರೇ ರಿಟರ್ನ್ ಸಲ್ಲಿಸಬೇಕು.

ಭಾರತದಲ್ಲಿ ದಂಪತಿಗೆ ಜಂಟಿ ರಿಟರ್ನ್ ಇಲ್ಲ. ಮನೆ ಒಂದೇ ಆದರೂ ತೆರಿಗೆಯ ಲೆಕ್ಕ ಪ್ಯಾನ್‌ಗೆ ಒಂದರಂತೆ ಬೇರೆ ಬೇರೆ. ಬಡ್ಡಿ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಬ್ಯಾಂಕು ಶೇ. 10ರಷ್ಟು ಕಡಿದು, ಠೇವಣಿದಾರರ ಪ್ಯಾನ್‌ಗೆ ಜಮಾ ಮಾಡುತ್ತದೆ (ಹಿರಿಯ ನಾಗರಿಕರಿಗೆ ಈ ಮಿತಿ 1 ಲಕ್ಷ). ಅವರ ಒಟ್ಟು ಆದಾಯಕ್ಕೆ ತೆರಿಗೆಯೇ ಬೀಳದಿದ್ದರೆ ಆ ಹಣ ಪೂರ್ತಿ ಅವರದೇ ಖಾತೆಗೆ ಮರಳುತ್ತದೆ.

ಆದರೆ ಠೇವಣಿಯ ಹಣ ನೀವು ಕೊಟ್ಟದ್ದೇ? ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಹಣದ ಬಡ್ಡಿಯನ್ನು ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ. ಆಗ ಅವರು ಬ್ಯಾಂಕಿಗೆ ಲಿಖಿತ ಘೋಷಣೆ ಕೊಟ್ಟು, ಕಡಿತವನ್ನು ನಿಮ್ಮ ಪ್ಯಾನ್‌ಗೆ ಜಮಾ ಮಾಡಿಸಬೇಕು. ಬಡ್ಡಿಯನ್ನು ದಯವಿಟ್ಟು ಮುಚ್ಚಿಡಬೇಡಿ. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದು ಆಗಲೇ ದಾಖಲಾಗಿರುತ್ತದೆ.