ಜನಪದ ಹಾಡಿಗೆ ರಾಕ್ ಸೇರಿಸಲೋ, ಜಾಝ್ ಸೇರಿಸಲೋ?

ನೀವು ಕೇಳಿದ ಇದೇ ಪ್ರಶ್ನೆ ಹಿಡಿದುಕೊಂಡು ಹೋಗಿ ನಾನು ಒಂದೂವರೆ ಲಕ್ಷ ಕಳೆದುಕೊಂಡೆ.

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಮೈಸೂರಿನಲ್ಲಿ ಓದುತ್ತಿದ್ದೆ. ಸಂತ ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಜೊತೆ ಕೇಳಿ ಹುಚ್ಚು ಹಿಡಿಯಿತು. ಕೆಲಸಕ್ಕೆ ಸೇರಿ ನಾಲ್ಕು ಕಾಸು ಕೂಡಿಟ್ಟ ಮೇಲೆ ನಂದೂ ಒಂದಿರಲಿ ಅಂತ ಹೊರಟೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆಯ ಒಂದು ತುಣುಕು, ನಡುವೆ ನಾನು ಬರೆದ ಸಾಲುಗಳು, ಹಿಂದೆ ಡ್ರಮ್ಸ್, ಬೇಸ್.

ತಪ್ಪು ಎಲ್ಲಾಯಿತು ಅಂದರೆ, ಹಿನ್ನೆಲೆ ವಾದ್ಯಗಳ ಟ್ರ್ಯಾಕ್ ಮೊದಲು ಮಾಡಿಟ್ಟೆ. ಹಾಡುವವರನ್ನು ಆಮೇಲೆ ಕರೆದೆ.

ಚಾಮರಾಜನಗರ ಕಡೆಯ ಕಂಸಾಳೆ (ಕಂಚಿನ ತಾಳ) ಹಿಡಿದು ಮಾದಪ್ಪನ ಕಥೆ ಹಾಡುವ ಕಲಾವಿದರು, ಅರವತ್ತು ದಾಟಿದವರು. ಹೆಡ್‌ಫೋನ್ ಹಾಕಿ, ಲಯ ಹಿಡಿಯಲು ಟಿಕ್ ಟಿಕ್ ಅನ್ನುವ ಕ್ಲಿಕ್ ಬಿಟ್ಟರೆ, 'ಕಿವಿಯೊಳಗೆ ಯಾರೋ ಮೊಳೆ ಹೊಡೀತಾವ್ರಲ್ಲಪ್ಪ' ಅಂದರು. ನಕ್ಕು ಸುಮ್ಮನಾದೆ. ಅಲ್ಲೇ ನಿಲ್ಲಿಸಬೇಕಿತ್ತು. ಅವರ ಸಾಲಿಗೆ ಅಳತೆ ಇಲ್ಲ. ಕಥೆ ಬಿಗಿಯಾದರೆ ಸಾಲು ಉದ್ದವಾಗುತ್ತದೆ, ಹಿಮ್ಮೇಳದವರು ಸೊಲ್ಲು, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ, ಎತ್ತಿಕೊಂಡ ಮೇಲೇ ಮುಂದಿನ ಮಾತು. ನನ್ನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಮಾತ್ರ ತಾಳದ ನಾಲ್ಕು ಆವರ್ತಕ್ಕೊಮ್ಮೆ ಬದಲಾಗುತ್ತಿತ್ತು. ಶ್ರುತಿಯೂ ಅಷ್ಟೇ. ತಂಬೂರಿಯನ್ನು ಅವರು ತಮ್ಮ ಗಂಟಲಿಗೆ ಕೂರಿಸಿಕೊಳ್ಳುತ್ತಾರೆ. ಅವತ್ತು ಅದು ಪಾಶ್ಚಾತ್ಯ ಸ್ವರಗಳಲ್ಲಿ ಡಿ ಅಲ್ಲ, ಡಿ ಶಾರ್ಪ್ ಕೂಡ ಅಲ್ಲ, ಎರಡರ ನಡುವೆ. ಇನ್ನು ಗಾಂಧಾರ, ಸರಿಗಮದ ಗ! ಗ ಮೇಲಿರುವ ಮೇಜರ್ ಕಾರ್ಡ್ ಹಾಕಿದರೂ ಗ ಕೆಳಗಿರುವ ಮೈನರ್ ಹಾಕಿದರೂ ಅವರ ಸ್ವರ ಸುಳ್ಳಿನ ಹಾಗೆ ಕೇಳುತ್ತಿತ್ತು.

ಆಗಲಾದರೂ ಟ್ರ್ಯಾಕ್ ಬಿಸಾಡಬಹುದಿತ್ತು. ದುಡ್ಡು ಹಾಕಿದ್ದೆನಲ್ಲ, ಅವರ ದನಿಯನ್ನೇ ತುಂಡು ತುಂಡು ಮಾಡಿ ಶ್ರುತಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡಿಸಿದೆ. ಮುಗಿದ ಮೇಲೆ ಅವರ ಊರಿಗೆ ಹೋಗಿ ಫೋನಿನಲ್ಲಿ ಕೇಳಿಸಿದೆ. ಪೂರ್ತಿ ಕೇಳಿದರು.

'ಚೆನ್ನಾಗದೆ. ಯಾರು ಹಾಡಿರೋದು?'

ಆ ಹಾಡನ್ನು ಬಿಡುಗಡೆ ಮಾಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅನ್ನುತ್ತೇನೆ. ರಾಕೋ ಜಾಝೋ ಅಂತ ಅಂಗಡಿಯಲ್ಲಿ ಬಟ್ಟೆ ಆರಿಸಿದ ಹಾಗೆ ಆರಿಸಬೇಡಿ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ, ರಾತ್ರಿಯಿಡೀ ಕೂತು ಕೇಳಿ. ರೆಕಾರ್ಡರ್ ಬ್ಯಾಗಿನಲ್ಲೇ ಇರಲಿ.

ಇನ್ನೊಂದು, 'ಜನಪದ ಅಲ್ವಾ, ಯಾರದ್ದೂ ಅಲ್ಲ' ಅಂದುಕೊಳ್ಳಬೇಡಿ. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಪದಗಳಿಗೆ ಹಕ್ಕಿನ ತಕರಾರಿಲ್ಲ. ಆದರೆ ನಮ್ಮ ಕಿವಿಯಲ್ಲಿರುವ ಎಷ್ಟೋ ಧಾಟಿಗಳು ಸಿ. ಅಶ್ವತ್ಥ್ ಅವರಂಥವರು ಕೂರಿಸಿದ್ದು. ಅಶ್ವತ್ಥ್ ತೀರಿಕೊಂಡಿದ್ದು 2009ರಲ್ಲಿ. ಸಂಗೀತ ಮಾಡಿದವರು ಹೋದ ಮೇಲೂ ಅರವತ್ತು ವರ್ಷ ಹಕ್ಕು ಇರುತ್ತದೆ. ಕೇಳಿಯೇ ಬಳಸಿ. ಹಾಡಿದ ಹಿರಿಯರ ಹೆಸರನ್ನು ಹಾಡಿನ ಹೆಸರಿನ ಪಕ್ಕದಲ್ಲೇ ಹಾಕಿ, ಸಂಭಾವನೆ ಮೊದಲೇ ಕೊಡಿ.

ಎರಡು ವರ್ಷ ಬಿಟ್ಟು ಮತ್ತೆ ಅವರ ಮನೆಗೇ ಹೋದೆ. ಈ ಸಲ ಗಿಟಾರನ್ನು ಅವರ ತಂಬೂರಿಗೆ ಶ್ರುತಿ ಮಾಡಿದೆ. ಗಾಂಧಾರ ಬರುವ ತಂತಿ ಮುಟ್ಟಲಿಲ್ಲ, ಬರೀ ಷಡ್ಜ ಪಂಚಮ, ಅಂದರೆ ಸ ಮತ್ತು ಪ. ಕ್ಲಿಕ್ ಇಲ್ಲ, ಜಗಲಿ ಮೇಲೆ ಎರಡು ಮೈಕ್. ನನ್ನ ಸಾಲು ಬಂದಾಗ ಅವರೇ ಸೊಲ್ಲು ಎತ್ತಿಕೊಂಡರು, ನಾನು ಹೇಳಿರಲಿಲ್ಲ. ಅಪ್‌ಲೋಡ್ ಮಾಡುವಾಗ ಯಾವ ಶೈಲಿ ಅಂತ ಒಂದು ಪಟ್ಟಿ ಬಂತು. ಐದು ನಿಮಿಷ ನೋಡಿ, ಏನೋ ಒಂದು ಒತ್ತಿದೆ.