ಕುಬೂಲ್ ಅನ್ನುವ ಮೊದಲು, ಇನ್ಶಾ ಅಲ್ಲಾಹ್ ಅಂದ ಮೇಲೆ

ಪ್ರಶ್ನೆ: ನಿಕಾಹ್‌ನಲ್ಲಿ ಹುಡುಗಿಯ ಒಪ್ಪಿಗೆ ಕೇಳುವುದು ಬರೀ ಶಾಸ್ತ್ರಕ್ಕೋ? ವರ ವಧುವಿಗೆ ಕೊಡುವ ಮೆಹರ್ ಎಂದರೆ ಹೆಣ್ಣಿಗೆ ಕಟ್ಟುವ ಬೆಲೆ ಅನ್ನುತ್ತಾರಲ್ಲ, ನಿಜವೇ?

ಉತ್ತರ: ಶಾಸ್ತ್ರಕ್ಕಲ್ಲ. ನಿಕಾಹ್ ಒಂದು ಕರಾರು, ಒಪ್ಪಿಗೆಯಿಲ್ಲದೆ ಕರಾರಿಲ್ಲ. ಇಷ್ಟವಿಲ್ಲದ ಕಡೆ ತಂದೆ ಮದುವೆ ಮಾಡಿಕೊಟ್ಟನೆಂದು ಖನ್ಸಾ ಬಿಂತ್ ಖಿದಾಮ್ ಎಂಬಾಕೆ ಪ್ರವಾದಿಯವರಲ್ಲಿ ದೂರಿದಾಗ, ಅವರು ಆ ಮದುವೆಯನ್ನೇ ರದ್ದುಪಡಿಸಿದರು. ಒಂದು ಕಡೆಯಿಂದ ಇಜಾಬ್, ಅಂದರೆ ಪ್ರಸ್ತಾಪ. ಇನ್ನೊಂದು ಕಡೆಯಿಂದ ಕುಬೂಲ್, ಅಂದರೆ ಸ್ವೀಕಾರ. ಎರಡೂ ಒಂದೇ ಕೂಟದಲ್ಲಿ, ಇಬ್ಬರು ಸಾಕ್ಷಿಗಳ ಕಿವಿಗೆ ಬೀಳುವಂತೆ ಆಗಬೇಕು. ವಧು ಬೇರೆ ಕೋಣೆಯಲ್ಲಿದ್ದರೆ ವಕೀಲ, ಅಂದರೆ ಅವಳ ಪರವಾದ ಪ್ರತಿನಿಧಿ, ಮತ್ತು ಸಾಕ್ಷಿಗಳು ಅವಳಿದ್ದಲ್ಲಿಗೇ ಹೋಗಿ, ವರನ ಹೆಸರು, ಮೆಹರ್‌ನ ಮೊತ್ತ ಹೇಳಿ ಕೇಳುತ್ತಾರೆ. ಎಡವುವುದು ಇಲ್ಲೇ. ಮೊದಲ ಮದುವೆಯ ಹುಡುಗಿಯ ನಾಚಿಕೆಯ ಮೌನವನ್ನು ಒಪ್ಪಿಗೆ ಎಂದು ಎಣಿಸುವ ಪ್ರವಾದಿ ವಚನವಿದೆ. ಹೆದರಿಕೆಯ ಮೌನವನ್ನೂ ಅದಕ್ಕೇ ಸೇರಿಸಿಬಿಡುತ್ತಾರೆ. ಅವಳ ಬಾಯಿಂದಲೇ ‘ಹೂಂ’ ಕೇಳಿಸಿಕೊಂಡು ಏಳುವುದು ಎಲ್ಲರಿಗೂ ಕ್ಷೇಮ.

ಮೆಹರ್ ಬೆಲೆಯಲ್ಲ. ಬೆಲೆಯಾಗಿದ್ದರೆ ತವರಿನವರ ಕೈ ಸೇರಬೇಕಿತ್ತು. ಅದು ವಧುವಿನದು, ಅವಳೊಬ್ಬಳದೇ. ಅವಳು ಮನಸಾರೆ ಬಿಟ್ಟುಕೊಟ್ಟಷ್ಟು ಮಾತ್ರ ಗಂಡನಿಗೆ ಸಲ್ಲುತ್ತದೆ ಎಂದು ಕುರ್‌ಆನ್‌ನ 4ನೇ ಅಧ್ಯಾಯದ 4ನೇ ವಚನ ಹೇಳುತ್ತದೆ. ಕೂಡಲೇ ಕೊಡುವ ಮೆಹರ್, ಮುಂದಕ್ಕೆ ಉಳಿಸಿಕೊಂಡ ಮೆಹರ್ ಎಂದು ಎರಡು ಬಗೆ. ಅರಬಿಯಲ್ಲಿ ಒಂದರ ಹೆಸರಿಗೆ ‘ಐನ್’ ಅಕ್ಷರ, ಇನ್ನೊಂದಕ್ಕೆ ‘ಹಮ್ಝಾ’. ಕನ್ನಡದಲ್ಲಿ ಬರೆದರೆ ಎರಡೂ ‘ಮುಅಜ್ಜಲ್’ ಆಗಿಬಿಡುತ್ತವೆ! ಹಾಗಾಗಿ ನಿಕಾಹ್‌ನಾಮಾದಲ್ಲಿ, ಅಂದರೆ ಮದುವೆಯ ಕರಾರು ಪತ್ರದಲ್ಲಿ, ಆ ಪದವನ್ನು ನೆಚ್ಚಿ ಕೂರಬೇಡಿ. ‘ಸಂದಾಯವಾಗಿದೆ’ ಅಥವಾ ‘ಬಾಕಿ’ ಎಂದು ಬಿಡಿಸಿ, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಬಾಕಿ ಉಳಿದದ್ದು ಗಂಡನ ಮೇಲಿನ ಸಾಲ. ಅವನು ತೀರಿಕೊಂಡರೆ ಆಸ್ತಿ ಪಾಲಾಗುವ ಮೊದಲೇ ಅದು ತೀರಬೇಕು. ಮಯ್ಯತ್ತಿನ, ಅಂದರೆ ಗಂಡನ ಶವದ, ಮುಂದೆ ಹೆಂಡತಿಯನ್ನು ಕೂರಿಸಿ ‘ಮೆಹರ್ ಮಾಫ್ ಮಾಡಮ್ಮಾ’ ಎಂದು ಕೇಳುವುದುಂಟು. ಅಳುತ್ತಿರುವವಳ ಬಾಯಿಂದ ಹೊರಡಿಸಿದ ಮಾತು ಮನಸಾರೆ ಕೊಟ್ಟದ್ದು ಹೇಗಾದೀತು?

ಪ್ರಶ್ನೆ: ತಲಾಖ್ ಹೇಳಿದ ಮೇಲೂ ಹೆಂಡತಿ ಅದೇ ಮನೆಯಲ್ಲಿ ಇರಬೇಕಂತೆ. ಪ್ರೀತಿಯೇ ಮುಗಿದ ಮೇಲೆ ಯಾಕೆ?

ಉತ್ತರ: ಮುಗಿದಿದೆಯೋ ಇಲ್ಲವೋ ತಿಳಿಯಲೆಂದೇ. ಕುರ್‌ಆನ್‌ನ 65ನೇ ಅಧ್ಯಾಯದ ಮೊದಲ ವಚನ ಅವಳನ್ನು ಮನೆಯಿಂದ ಹೊರಹಾಕಬೇಡಿ ಎನ್ನುತ್ತದೆ. ಇಷ್ಟಾದ ಮೇಲೂ ಅಲ್ಲಾಹನು ಹೊಸದೇನಾದರೂ ಉಂಟುಮಾಡಬಹುದು, ನಿನಗೇನು ಗೊತ್ತು ಎಂಬರ್ಥದ ಮಾತಿನಿಂದ ಮುಗಿಯುತ್ತದೆ. ಈ ಕಾಯುವ ಅವಧಿಯೇ ಇದ್ದತ್. ಮುಟ್ಟಾಗುವವರಿಗೆ ಮೂರು ಋತುಚಕ್ರ, ಮುಟ್ಟು ನಿಂತವರಿಗೆ ಮೂರು ಚಾಂದ್ರಮಾನ ತಿಂಗಳು, ಗರ್ಭಿಣಿಗೆ ಹೆರಿಗೆಯವರೆಗೆ. ಹಿಂತೆಗೆದುಕೊಳ್ಳಬಹುದಾದ ಮೊದಲ ಅಥವಾ ಎರಡನೆಯ ತಲಾಖ್ ಆಗಿದ್ದರೆ, ಅಷ್ಟರೊಳಗೆ ಹೊಸ ನಿಕಾಹ್ ಇಲ್ಲದೆಯೇ ಮತ್ತೆ ಒಂದಾಗಬಹುದು. ಸಿಟ್ಟಿನಲ್ಲಿ ಅದೇ ರಾತ್ರಿ ಅವಳನ್ನು ತವರಿಗೆ ಅಟ್ಟುವವರು ಈ ಬಾಗಿಲನ್ನೇ ಮುಚ್ಚಿಬಿಡುತ್ತಾರೆ. ಒಂದೇ ಸೂರಿನಡಿ ಇದ್ದರೆ ತಾನೇ ಮುಖ ನೋಡಿ ಮನಸ್ಸು ಕರಗುವುದು?

ಪ್ರಶ್ನೆ: ರಂಜಾನ್‌ನಲ್ಲಿ ಗಂಡ ಹೆಂಡತಿ ತಿಂಗಳಿಡೀ ದೂರ ಇರಬೇಕೇ? ಜೊತೆಗೆ ಕೆಲಸ ಮಾಡುವವರೊಬ್ಬರು ನಡುವೆ ಕೆಲವು ದಿನ ಉಪವಾಸ ಬಿಟ್ಟರು. ಯಾಕೆಂದು ಕೇಳಬಹುದೇ?

ಉತ್ತರ: ಹಗಲು ಮಾತ್ರ ದೂರ, ನಸುಕಿನ ಫಜ್ರ್‌ನಿಂದ ಸೂರ್ಯಾಸ್ತದವರೆಗೆ. ರಾತ್ರಿಗೆ ಅನುಮತಿ ಕೊಡುವ 2ನೇ ಅಧ್ಯಾಯದ 187ನೇ ವಚನದಲ್ಲೇ ಗಂಡ ಹೆಂಡತಿಯನ್ನು ಒಬ್ಬರಿಗೊಬ್ಬರು ಉಡುಪು ಎಂದು ಕರೆದಿದೆ. ಉಪವಾಸದ ನಿಯಮ ಹೇಳುವ ಜಾಗದಲ್ಲಿ ಇಷ್ಟು ಮೃದುವಾದ ಮಾತು ಬಂದಿರುವುದನ್ನು ಗಮನಿಸಿ.

ಎರಡನೆಯದನ್ನು ದಯವಿಟ್ಟು ಕೇಳಬೇಡಿ, ನಾಲ್ಕು ಜನರ ಮುಂದಂತೂ ಬೇಡವೇ ಬೇಡ. ಮುಟ್ಟಿನ ದಿನಗಳಲ್ಲಿ ಹೆಂಗಸರು ಉಪವಾಸ ಮಾಡುವಂತಿಲ್ಲ. ಆ ದಿನಗಳನ್ನು ಆಮೇಲೆ ತುಂಬಿಕೊಡುತ್ತಾರೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೂ ವಿನಾಯಿತಿಯಿದೆ. ನಿಮ್ಮ ಕುತೂಹಲ ಒಳ್ಳೆಯದೇ ಇರಬಹುದು, ಆದರೆ ಉತ್ತರ ಅವರ ಮೈಯ ಗುಟ್ಟು.

ಪ್ರಶ್ನೆ: ಗೆಳೆಯ ‘ಇನ್ಶಾ ಅಲ್ಲಾಹ್ ಬರ್ತೀನಿ’ ಅಂದರೆ ಬರುತ್ತಾನೋ ಇಲ್ಲವೋ?

ಉತ್ತರ: ಬರುತ್ತಾನೆಂದೇ ಅರ್ಥ. ನಾಳೆ ಮಾಡುತ್ತೇನೆ ಎನ್ನುವಾಗ ‘ದೇವರಿಚ್ಛೆಯಿದ್ದರೆ’ ಎಂದು ಸೇರಿಸಲು 18ನೇ ಅಧ್ಯಾಯ ಕಲಿಸುತ್ತದೆ. ಇಲ್ಲ ಎನ್ನಲು ಸಂಕೋಚಪಟ್ಟು ಹೀಗೆ ಹೇಳಿ ಜಾರಿಕೊಳ್ಳುವವರು ಆ ಮಾತಿಗೆ ಅನ್ಯಾಯ ಮಾಡುತ್ತಾರೆ. ಒಂಟೆಯನ್ನು ಕಟ್ಟು, ಆಮೇಲೆ ದೇವರ ಮೇಲೆ ಭಾರ ಹಾಕು ಎಂಬ ಪ್ರವಾದಿ ವಚನವಿದೆ. ಅನುಮಾನವಿದ್ದರೆ ‘ಎಷ್ಟು ಗಂಟೆಗೆ?’ ಎಂದು ಕೇಳಿ. ಬರುವ ಮನಸ್ಸಿದ್ದವನು ಹೊತ್ತು ಹೇಳುತ್ತಾನೆ.