"ಹಾಂಗಂದ್ರೆ ಎಂತದೇ ಕೂಸೇ?"

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ನಮ್ಮ ಕಡೆ ತಾಯಿಗೆ ಆಯಿ ಅನ್ನುತ್ತಾರೆ.)

ಜೂನ್ ತಿಂಗಳ ಒಂದು ಸಂಜೆ ಸರೋಜಕ್ಕ ಆಪ್ತಸಲಹೆಗೆ ನನ್ನ ಹತ್ತಿರ ಬಂದರು. ಶಿರಸಿಯಲ್ಲಿ ಅವತ್ತು ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಕೊಡೆ ಮಡಚಿ ಬಾಗಿಲ ಮೂಲೆಗೆ ಇಟ್ಟರು. ಕುಳಿತರು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿದರು:

"ನಿನ್ನೆ ಆಯಿಗೆ ಜೋರು ಮಾಡಿಬಿಟ್ಟೆ ಮೇಡಂ. 88 ವರ್ಷದ ಆಯಿಗೆ. ಇವತ್ತು ಯಾವ ವಾರ ಅಂತ ಐದು ಸಲ ಕೇಳಿದರು. ನಾಲ್ಕು ಸಲ ಹೇಳಿದೆ. ಐದನೇ ಸಲ ಕೂಗಿದೆ. ಅವರು ಸೆರಗು ಹೊದ್ದುಕೊಂಡು ಕಿಟಕಿ ಹತ್ತಿರ ಹೋಗಿ ಕುಳಿತರು. ರಾತ್ರಿ ಊಟಕ್ಕೆ ಕರೆದರೆ, ಯಂಗೆ ಎಂತೂ ಬ್ಯಾಡ ಅಂದರು."

ಸರೋಜಕ್ಕನಿಗೆ 66. ಪ್ರಾಥಮಿಕ ಶಾಲೆಯಲ್ಲಿ 38 ವರ್ಷ ಪಾಠ ಮಾಡಿ 2019ರಲ್ಲಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಶಿರಸಿ ಹತ್ತಿರದ ತವರುಮನೆಗೆ ಬಂದು ಆಯಿಯ ಜೊತೆ ಇದ್ದಾರೆ. ತಮ್ಮ ಬೆಂಗಳೂರಿನಲ್ಲಿ, ಮಕ್ಕಳು ಪುಣೆಯಲ್ಲಿ. ಅಡಿಕೆ ತೋಟವನ್ನು ಫಸಲು ಗುತ್ತಿಗೆಗೆ ಕೊಟ್ಟಿದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ. ಹಿಂದಿನ ಮಳೆಗಾಲದಲ್ಲಿ ಆಯಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಕೈ ಕೂಡಿಕೊಂಡಿತ್ತು. ಆದರೆ ಆಯಿ ಮೊದಲಿನಂತಿಲ್ಲ, ಮಾತು ಕಡಿಮೆ, ಮರೆವು ಜಾಸ್ತಿ, ಕೇಳಿದ್ದಕ್ಕೆ ಏನೋ ಒಂದು ಉತ್ತರ.

"ಆಯಿಗೆ ಮರೆವಿನ ಕಾಯಿಲೆ ಶುರುವಾಗಿದೆ ಅನ್ನಿಸುತ್ತದೆ. ನನಗೂ ಹೀಗೇ ಆಗುತ್ತದಾ?" ಎರಡನೇ ಪ್ರಶ್ನೆಯನ್ನು ಬಹಳ ಮೆಲ್ಲಗೆ ಕೇಳಿದರು.

ಮೊದಲ ದಿನ ನಾನು ಸರೋಜಕ್ಕನ ಸುಸ್ತನ್ನು ಮಾತ್ರ ನೋಡಿದೆ. ನಿದ್ದೆ ಇಲ್ಲ, ಬೆನ್ನುನೋವು, ಮನೆ ಬಿಟ್ಟು ಹೊರಗೆ ಹೋಗಿ ತಿಂಗಳುಗಳಾಗಿವೆ. ಆಯಿಯ ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಿ, ನಿಮಗೂ ವಿಶ್ರಾಂತಿ ಬೇಕು ಅಂತ ಹೇಳಿ ಕಳಿಸಿದೆ. ಆ ಸಲಹೆ ಪೂರ್ತಿ ತಪ್ಪಲ್ಲ. ಆದರೆ ನಾನು ಅವಸರ ಮಾಡಿದ್ದೆ. ಮುಂದಿನ ವಾರ ಅವರು ಬಂದಾಗ ಮುಖದಲ್ಲಿ ಗೆಲುವು ಇರಲಿಲ್ಲ. ಕೆಲಸಕ್ಕೆ ಬಂದ ಹುಡುಗಿ ಆಯಿಯ ತಲೆಯನ್ನೂ ಬಾಚುತ್ತಾಳಂತೆ, ದೇವರಿಗೆ ಹೂವನ್ನೂ ಕೊಯ್ದು ತರುತ್ತಾಳಂತೆ. ಆಯಿಗೆ ಊಟ ಇನ್ನೂ ಸೇರುತ್ತಿಲ್ಲವಂತೆ.

ಆಗ ಒಂದು ಪ್ರಶ್ನೆ ಕೇಳಿದೆ. "ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಆಯಿ ತಾವೇ ಮಾಡಿದ ಕೆಲಸ ಏನೇನು, ಹೇಳಿ ನೋಡೋಣ."

ಸರೋಜಕ್ಕ ಬೆರಳು ಮಡಚಲು ಶುರು ಮಾಡಿದರು. ಸ್ನಾನ, ಹುಡುಗಿ ಮಾಡಿಸಿದಳು. ಹೂವು, ಹುಡುಗಿ ತಂದಳು. ತಂಬುಳಿಗೆ ಒಂದೆಲಗ ಕೊಯ್ಯುವುದು ಆಯಿಯ ಕೆಲಸವಾಗಿತ್ತು, ಈಗ ಹಿತ್ತಲಿಗೆ ಬಿಡುವುದಿಲ್ಲ. ತರಕಾರಿ ಹೆಚ್ಚುವುದು ಬೇಡ, ಕೈ ಕೊಯ್ದುಕೊಂಡರೆ ಅಂತ. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಹಾಕಿ ವರ್ಷವಾಯಿತು. ಹಲಸಿನ ಹಪ್ಪಳ ಈ ಸಲ ಮಾಡಲೇ ಇಲ್ಲ. ಎರಡು ಬೆರಳು ಮಡಚಿದವರು ಅಲ್ಲೇ ನಿಂತರು.

"ಜಪ ಮಾಡಿದರು," ಅಂದರು. "ಅಷ್ಟೇ."

ಅವರು ಅತ್ತರು. ನಾನು ಸುಮ್ನೆ ಕುಳಿತೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಸರೋಜಕ್ಕ ಇದನ್ನೆಲ್ಲ ಮಾಡಿದ್ದು ಪ್ರೀತಿಯಿಂದ. "ಜೀವಮಾನವಿಡೀ ದುಡಿದ ಆಯಿ, ಈಗಲಾದರೂ ಕೂತು ಉಣ್ಣಲಿ" ಎಂಬ ಆಸೆ ಅದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯ ಋಣ ತೀರಿಸಲು ಹೊರಡುವುದು ಹೀಗೆಯೇ. ಆದರೆ ಆ ಅಮ್ಮಂದಿರು ಕೂತು ಉಣ್ಣಲು ಕಲಿತವರಲ್ಲ. ಅವರ ಕೈಯಿಂದ ಕೆಲಸ ಹೋದರೆ ಮನೆಯಲ್ಲಿ ಅವರ ಜಾಗವೇ ಹೋದಂತೆ.

"ಆಯಿ ಬಗ್ಗೆ ಹೇಳಿ. ಈಗಿನ ಆಯಿ ಅಲ್ಲ," ಅಂದೆ. ಒಂದು ತಾಸು ಹೇಳಿದರು.

ಅಪ್ಪಯ್ಯ ತೀರಿಕೊಂಡಾಗ ಸರೋಜಕ್ಕನಿಗೆ 12, ಆಯಿಗೆ 34. ನಾಲ್ಕನೇ ಇಯತ್ತೆ ಓದಿದ ಹೆಂಗಸು. ತೋಟವನ್ನೂ ಕೊಟ್ಟಿಗೆಯನ್ನೂ ಎರಡು ಮಕ್ಕಳನ್ನೂ ನೋಡಿಕೊಂಡರು. ಹೈಸ್ಕೂಲಿಗೆ ಕಳಿಸಬೇಡ, ಮದುವೆ ಮಾಡು ಅಂದವರಿಗೆ ಉತ್ತರ ಕೊಡದೆ ಮಗಳ ಫೀಸು ಕಟ್ಟಿದರು. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಜಗಲಿಯಲ್ಲಿ ಚಿಮಣಿ ಹಚ್ಚಿ ಕೂರುತ್ತಿದ್ದರು. ಮನೆಯಲ್ಲಿ ದೀಪ ಒಂದೇ. ಹಾಗಾಗಿ ಸರೋಜಕ್ಕ ಓದಲು ಅಲ್ಲಿಯೇ ಕೂರಬೇಕು. ಆಯಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಬೇಕು. ಆಯಿಯ ಕೈ ಸುಲಿಯುತ್ತಲೇ ಇರುತ್ತಿತ್ತು. ಅರ್ಥವಾಗದ ಕಡೆ ಮಾತ್ರ ಕೈ ನಿಲ್ಲುತ್ತಿತ್ತು.

"ಹಾಂಗಂದ್ರೆ ಎಂತದೇ ಕೂಸೇ?"

ಪುಸ್ತಕದಲ್ಲಿದ್ದುದನ್ನೇ ಮತ್ತೆ ಓದಿದರೆ ಆಯಿ ಬಿಡುತ್ತಿರಲಿಲ್ಲ. ತಿಳಿಯುವ ಹಾಗೆ ಹೇಳಬೇಕಿತ್ತು. ಗ್ರಹಣದ ಪಾಠ ಬಂದಾಗ ಸರೋಜಕ್ಕ ಎರಡು ಅಡಿಕೆ ತೆಗೆದುಕೊಂಡರಂತೆ. ಒಂದು ಭೂಮಿ, ಇನ್ನೊಂದು ಚಂದ್ರ, ಚಿಮಣಿಯೇ ಸೂರ್ಯ. ಒಂದು ಅಡಿಕೆಯ ನೆರಳು ಇನ್ನೊಂದರ ಮೇಲೆ ಬಿದ್ದಾಗ ಆಯಿ "ಓಹೋ" ಅಂದಿದ್ದು ಇನ್ನೂ ಕಿವಿಯಲ್ಲಿದೆ ಅಂದರು.

"ಮುಂದೆ 38 ವರ್ಷ ನಾನು ಪಾಠ ಮಾಡಿದ್ದೂ ಹಾಗೇ ಮೇಡಂ. ಶಿಕ್ಷಕರ ತರಬೇತಿಯಾದ ಟಿಸಿಎಚ್‌ನಲ್ಲಿ ಕಲಿತದ್ದಲ್ಲ ಅದು." ಹೀಗೆ ಹೇಳಿ ಅವರೇ ಒಂದು ಕ್ಷಣ ಸುಮ್ಮನಾದರು. ಈ ಮಾತನ್ನು ಇಷ್ಟು ವರ್ಷ ಜೋರಾಗಿ ಹೇಳಿಯೇ ಇರಲಿಲ್ಲ ಅನ್ನಿಸುತ್ತದೆ.

ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದೆ. ಎಲ್ಲ ಪ್ರಕರಣಗಳಲ್ಲೂ ಮನೆಗೆ ಹೋಗುವುದಿಲ್ಲ. ಇದರಲ್ಲಿ ಆಯಿಯನ್ನು ನೋಡದೆ ಸಲಹೆ ಕೊಡುವುದು ಸರಿ ಅನ್ನಿಸಲಿಲ್ಲ.

ಜಗಲಿಯಲ್ಲಿ ಮನೆಖರ್ಚಿಗೆ ಅಂತ ಇಟ್ಟುಕೊಂಡ ಒಣ ಅಡಿಕೆ ಚೀಲದಲ್ಲಿತ್ತು, ಇನ್ನೂ ಸಿಪ್ಪೆ ಸುಲಿದಿರಲಿಲ್ಲ. ನಾನು ಒಂದನ್ನು ಎತ್ತಿ, ಇದು ಒಣಗಿದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಆಯಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಕೈಯಿಂದ ಅಡಿಕೆ ತೆಗೆದುಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಚೆನ್ನಾಗಿ ಒಣಗಿದ ಅಡಿಕೆ ಸಿಪ್ಪೆಯೊಳಗೆ ಗಲಗಲ ಅನ್ನುತ್ತದೆ, ನನಗೆ ಮೂರಡಿ ದೂರಕ್ಕೆ ಕೇಳಿಸಿತು. ಆಯಿ ಹುಬ್ಬು ಗಂಟಿಕ್ಕಿದರು. ಕೈ ಕೆಳಗಿಳಿಸಿ, ಅಡಿಕೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಮತ್ತೆ ಅಲ್ಲಾಡಿಸಿದರು. ಮುಖ ಸಡಿಲವಾಯಿತು.

"ಕಿವಿಗೆ ಕೇಳ್ತಿಲ್ಲೆ," ಅಂದರು. "ಕೈಗೆ ಕೇಳ್ತು."

ಸರೋಜಕ್ಕ ನನ್ನನ್ನು ನೋಡಿದರು. ಯಾವ ವಾರ ಅಂತ ಐದು ಸಲ ಕೇಳಿದ್ದು ನನಗೆ ಆಗ ಬೇರೆ ಥರ ಕಾಣಿಸಿತು. ಉತ್ತರ ಮರೆತು ಹೋದದ್ದಲ್ಲ, ಉತ್ತರ ಕೇಳಿಸಿಯೇ ಇರಲಿಲ್ಲವೋ ಏನೋ. ಕೇಳಿಸಲಿಲ್ಲ ಅಂತ ಹೇಳಲು ಅವರಿಗೆ ಸಂಕೋಚ. ಮಗಳಿಗೆ ಇನ್ನೊಂದು ಹೊರೆ ಯಾಕೆ ಅಂತ.

ಹಾಗಾಗಿ ಮೊದಲ ಸಲಹೆ ವೈದ್ಯರ ತಪಾಸಣೆ. ಆಪ್ತಸಲಹೆಗಾರರು ಇದನ್ನು ಮೊದಲೇ ಹೇಳಬೇಕು, ನಾನು ಎರಡು ವಾರ ತಡ ಮಾಡಿದೆ. ಮರೆವು ಕಂಡರೆ "ವಯಸ್ಸಾಯ್ತು ಬಿಡಿ" ಅನ್ನಬಾರದು, "ಮರೆವಿನ ಕಾಯಿಲೆ" ಅಂತ ನಾವೇ ಹೆಸರಿಡಲೂ ಬಾರದು. ಕಿವಿ, ಕಣ್ಣು, ಥೈರಾಯ್ಡ್, ಬಿ12, ತೆಗೆದುಕೊಳ್ಳುವ ಮಾತ್ರೆಗಳು, ಇಷ್ಟನ್ನು ನೋಡಿಸಬೇಕು. ಸಸ್ಯಾಹಾರಿ ಮನೆಯ ವಯಸ್ಸಾದವರಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಅದರಿಂದ ಮರೆವು, ಸುಸ್ತು, ಕಾಲು ಜುಮ್ಮೆನ್ನುವುದು ಎಲ್ಲ ಬರಬಹುದು. ಖಿನ್ನತೆಯೂ ವಯಸ್ಸಾದವರಲ್ಲಿ ಮರೆವಿನ ವೇಷದಲ್ಲಿ ಬರುತ್ತದೆ. ಮರೆವಿನ ಕಾಯಿಲೆಗೆ (ಡಿಮೆನ್ಷಿಯಾ) ದಾರಿಯಾಗುವ, ಆದರೆ ನಾವು ಸರಿಪಡಿಸಿಕೊಳ್ಳಲು ಸಾಧ್ಯವಿರುವ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಅದರಲ್ಲಿ ಕಿವಿ ಮಂದವಾಗುವುದೂ ಇದೆ, ಜನರ ಒಡನಾಟ ತಪ್ಪುವುದೂ ಇದೆ. ಆಯಿಗೆ ಎರಡೂ ಆಗಿತ್ತು.

ಪರೀಕ್ಷೆಯಲ್ಲಿ ಎರಡು ಕಿವಿಯಲ್ಲೂ ಗುಗ್ಗೆ ಕಟ್ಟಿದ್ದು ಗೊತ್ತಾಯಿತು. ತೆಗೆದ ಮೇಲೂ ಶ್ರವಣಶಕ್ತಿ ಕಡಿಮೆಯೇ. ಕಿವಿ ಮಿಷನ್ ಹಾಕಿದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯಿತು.

ಎರಡನೆಯದು ಕೆಲಸ ವಾಪಸ್ ಕೊಡುವುದು. ಸರೋಜಕ್ಕನಿಗೆ ಇಲ್ಲಿ ಭಯ. ಮತ್ತೆ ಬಿದ್ದರೆ? ಭಯ ಸುಳ್ಳಲ್ಲ, ಆ ವಯಸ್ಸಿನಲ್ಲಿ ಸೊಂಟ ಮುರಿದರೆ ಏಳುವುದು ಕಷ್ಟ. "ಆಯಿಯನ್ನು ಕೂರಿಸುವ ಬದಲು ಮನೆಯನ್ನು ಸರಿ ಮಾಡಿ," ಅಂದೆ. ಬಚ್ಚಲಿನ ಗೋಡೆಗೆ ಎರಡು ಹಿಡಿಕೆ, ರಾತ್ರಿ ದೀಪ, ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ. ಅಂಗಳದ ಪಾಚಿಗೆ ಹೊಸದೇನೂ ಬೇಕಿರಲಿಲ್ಲ. ಮಳೆಗಾಲಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಹಾಸುವುದು ನಮ್ಮ ಕಡೆ ಹಿಂದಿನಿಂದ ಇದ್ದದ್ದೇ, ಈ ಮನೆಯಲ್ಲಿ ನಿಂತು ಹೋಗಿತ್ತು. ಒಂದೆಲಗದ ಪಾತಿವರೆಗೆ ದಬ್ಬೆ ಹಾಸಿಸಿದರು. ಮೆಟ್ಟುಗತ್ತಿ ಮಾತ್ರ ಬೇಡ ಅಂತ ನಾವು ಮೂವರೂ ಕುಳಿತು ಮಾತಾಡಿ ತೀರ್ಮಾನ ಮಾಡಿದೆವು. ಆಯಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಬೇರೆಯವರು ಸುಲಿದದ್ದನ್ನು ಆರಿಸುವುದು ತನ್ನ ಕೆಲಸ. ಒಳ್ಳೆಯ ಚಾಲಿ ಬೇರೆ, ಅದಕ್ಕಿಂತ ಕಡಿಮೆ ದರ್ಜೆಯ ಬಿಳೆಗೋಟು ಬೇರೆ, ಒಡಕು ಬೇರೆ. ಆಯಿಯ ಬೆರಳಿಗೆ ಅದು ಕಣ್ಣು ಮುಚ್ಚಿದರೂ ಗೊತ್ತು. ಕೆಲಸದ ಹುಡುಗಿಯನ್ನು ಬಿಡಿಸಲಿಲ್ಲ. ಆದರೆ ಹೂವು ಕೊಯ್ಯುವುದು ಆಯಿ, ಬುಟ್ಟಿ ಹಿಡಿಯುವುದು ಹುಡುಗಿ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ನೆನಪಾಗುತ್ತದೆ ನನಗೆ. ಚಿಕ್ಕವರಿದ್ದಾಗ ತಾಯಿಯ ಜೊತೆ ನರ್ಸರಿ ಕೆಲಸಕ್ಕೆ ಹೋಗಿ ಗಿಡ ಕಲಿತವರು. ಕಾಡಿನಲ್ಲಿ ಒಳ್ಳೆಯ ಬೀಜ ಕೊಡುವ ತಾಯಿಮರ ಯಾವುದು ಅಂತ ಗುರುತಿಸುವುದರಲ್ಲಿ ಅವರದು ದೊಡ್ಡ ಹೆಸರು. ಪದ್ಮಶ್ರೀ ಬಂತು, ನಿವೃತ್ತಿಯೂ ಆಗಿತ್ತು, ಆದರೂ ಗಿಡ ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇಂಥವರು ಪ್ರಸಿದ್ಧರಾದರು, ನಮಗೆ ಗೊತ್ತಾಯಿತು. ಆಯಿಯಂಥವರ ವಿದ್ಯೆ ಜಗಲಿಯಲ್ಲೇ ಉಳಿಯುತ್ತದೆ. ಅದನ್ನು ಕೇಳಿ ತೆಗೆದುಕೊಳ್ಳುವವರು ಬೇಕು.

ಜೋರು ಮಾಡಿದ್ದರ ಬಗ್ಗೆ ಸರೋಜಕ್ಕ ಮತ್ತೆ ಮತ್ತೆ ಕೊರಗುತ್ತಿದ್ದರು. ನನ್ನ ಹತ್ತಿರ ಹೇಳಿದ್ದು ಸಾಕು, ಆಯಿಯ ಹತ್ತಿರ ಹೇಳಿ ಅಂದೆ. ಎದುರಿಗೆ ಕೂತು, ಬೆಳಕು ನಿಮ್ಮ ಮುಖದ ಮೇಲಿರಲಿ, ಕೂಗದೆ ನಿಧಾನವಾಗಿ. ಹೇಳಿದರಂತೆ. ಆಯಿ ಕೇಳಿಸಿಕೊಂಡು, ತಾನೂ ಒಂದು ಕಾಲದಲ್ಲಿ ತನ್ನ ಅತ್ತೆಗೆ ಜೋರು ಮಾಡಿದ್ದೆ ಅಂದರಂತೆ. ಅತ್ತೆಗೂ ಕಿವಿ ಕೇಳುತ್ತಿರಲಿಲ್ಲವಂತೆ. ಇಬ್ಬರೂ ನಕ್ಕರಂತೆ.

ಇನ್ನು ಸರೋಜಕ್ಕನ ಸ್ವಂತ ವೃದ್ಧಾಪ್ಯ. "ನನಗೂ ಹೀಗೇ ಆಗುತ್ತದಾ" ಅಂತ ಕೇಳಿದ್ದರಲ್ಲ, ಅದನ್ನು ನಾನು ಮರೆತಿರಲಿಲ್ಲ. ಆಯಿಯನ್ನು ನೋಡಿಕೊಳ್ಳುವವರೂ 66ರ ಹಿರಿಯರೇ ಅನ್ನುವುದನ್ನು ಆ ಮನೆಯಲ್ಲಿ ಎಲ್ಲರೂ ಮರೆತಿದ್ದರು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ನಡೆದು ಬರುವುದು, ಬಾಗಿಲ ದಾರಂದ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಅಷ್ಟರಿಂದ ಶುರು ಮಾಡಿದರು. ಬಿಟ್ಟು ಹೋಗಿದ್ದ ತಾಳಮದ್ದಳೆ ಗುಂಪಿಗೆ ಮತ್ತೆ ಹೋಗಿ ಅಂದೆ. ಅವತ್ತು ಆಯಿಯ ಜೊತೆ ಯಾರು? ಅದಕ್ಕೆ ತಮ್ಮನಿಗೆ ಫೋನ್ ಮಾಡಿಸಿದೆ. ದುಡ್ಡು ಕಳಿಸುತ್ತಿದ್ದರು, ಒಳ್ಳೆಯವರೇ. ಆದರೆ "ನಿಂಗೆ ಏನು ಬೇಕು ಅಕ್ಕ" ಅಂತ ಕೇಳಿರಲಿಲ್ಲ, ಅಕ್ಕನೂ ಹೇಳಿರಲಿಲ್ಲ. ಈಗ ಎರಡು ತಿಂಗಳಿಗೊಮ್ಮೆ ಬಂದು ಒಂದು ವಾರ ಇರುತ್ತಾರೆ. ನೋಡಿಕೊಳ್ಳುವವರಿಗೂ ಮಾತಾಡಲು ಒಂದು ಜಾಗ ಬೇಕು. ಹತ್ತಿರದಲ್ಲಿ ಯಾರೂ ಇಲ್ಲದವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಹಿರಿಯರ ಯಾವುದೇ ತೊಂದರೆಗೆ ಸಹಾಯವಾಣಿ 14567 ಇದೆ. ಎರಡೂ ಉಚಿತ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆಯಿಗೆ ಈಗಲೂ ಕೆಲವು ಹೆಸರು ನೆನಪಾಗುವುದಿಲ್ಲ. ಕಿವಿ ಮಿಷನ್ ತೆಗೆದು ಡಬ್ಬಿಗೆ ಹಾಕುತ್ತಾರೆ, ಗದ್ದಲ ಅನ್ನುತ್ತಾರೆ. ಆರು ತಿಂಗಳಿಗೊಮ್ಮೆ ಮರೆವಿನ ಪರೀಕ್ಷೆ ಮುಂದುವರಿಸಬೇಕು. ಆದರೆ ಊಟ ಮಾಡುತ್ತಾರೆ. ತಂಬುಳಿಗೆ ಸೊಪ್ಪು ಸಾಕಾಗಲಿಲ್ಲ ಅಂತ ಮಗಳನ್ನೇ ಗದರುತ್ತಾರೆ.

ಕೊನೆಯ ಸಲಹೆ ಬಹಳ ಚಿಕ್ಕದಿತ್ತು. ಸಂಜೆ ಅರ್ಧ ತಾಸು ಜಗಲಿಯಲ್ಲಿ ಕೂತು ಆಯಿಗೆ ಪೇಪರ್ ಓದಿ ಹೇಳಿ, ಹಿಂದಿನ ಥರವೇ. ಮೊದಲ ವಾರ ಆಯಿ ಸುಮ್ಮನೆ ಕೇಳುತ್ತಿದ್ದರಂತೆ.

ಸೆಪ್ಟೆಂಬರ್ ಮೊದಲ ವಾರ ಸರೋಜಕ್ಕನ ಫೋನ್ ಬಂತು. 2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ಇತ್ತಲ್ಲ, ಪೇಪರಿನಲ್ಲಿ ಬಂದ ಅದರ ಸುದ್ದಿ ಓದುತ್ತಿದ್ದರಂತೆ. ಅಡಿಕೆ ಆರಿಸುತ್ತಿದ್ದ ಆಯಿಯ ಕೈ ನಿಂತಿತು.

"ಹಾಂಗಂದ್ರೆ ಎಂತದೇ ಕೂಸೇ?"

ಸರೋಜಕ್ಕ ಪೇಪರ್ ಕೆಳಗಿಟ್ಟರು. ಆಯಿಯ ಮುಂದಿನ ರಾಶಿಯಿಂದ ಎರಡು ಅಡಿಕೆ ಎತ್ತಿಕೊಂಡು ಮೊಬೈಲಿನ ಟಾರ್ಚ್ ಹಾಕಿದರು. ಆಯಿ ಮೊಬೈಲನ್ನೂ ಮಗಳನ್ನೂ ನೋಡಿ ಕೇಳಿದರಂತೆ:

"ಚಿಮಣಿ ಎಲ್ಲಿದ್ದೇ?"